ನಮ್ಮ ಗೇಜ್‌ನೊಳಗಿನ ನರ್ನ್‌ಸ್ಟ್

ಇಂಜಿನ್ ಟ್ಯೂನ್ ಮಾಡೋಕೆ ಕೂತಾಗ ನಮ್ಮ ಕಣ್ಣೆಲ್ಲ ಎಎಫ್‌ಆರ್ ಗೇಜ್ ಮೇಲೆ. 14.7 ಅಂದ್ರೆ ಒಂದು ಗ್ರಾಂ ಪೆಟ್ರೋಲಿಗೆ 14.7 ಗ್ರಾಂ ಗಾಳಿ, ಲೆಕ್ಕ ಚುಕ್ತಾ. ಫುಲ್ ಥ್ರಾಟಲ್‌ನಲ್ಲಿ ಸಾಮಾನ್ಯವಾಗಿ 12.5ರ ಆಸುಪಾಸಿಗೆ ತರ್ತೀವಿ. ಅಲ್ಲಿ ಲೀನ್ ಆದ್ರೆ ಪಿಸ್ಟನ್‌ಗೇ ಕುತ್ತು. ಈ ಅಂಕಿಯ ಹಿಂದಿರುವವರು ವಾಲ್ಟರ್ ನರ್ನ್‌ಸ್ಟ್. ಹೌದು, ಪಿಯುಸಿಯಲ್ಲಿ ನಾವು ಬಾಯಿಪಾಠ ಮಾಡಿ ಮರೆತ ಸಮೀಕರಣದ ನರ್ನ್‌ಸ್ಟ್!

ಅವರು ಹುಟ್ಟಿದ್ದು 1864ರಲ್ಲಿ, ಆಗಿನ ಪ್ರಷ್ಯಾದ ಬ್ರೀಸನ್ ಎಂಬ ಊರಲ್ಲಿ. ಲೈಪ್‌ಜಿಗ್‌ನಲ್ಲಿ ಆಸ್ಟ್‌ವಾಲ್ಡ್ ಅವರ ಕೈಕೆಳಗೆ ದುಡಿಯುತ್ತಾ 1889ರಲ್ಲಿ ಆ ಸಮೀಕರಣ ಕೊಟ್ಟರು. ಆಗ ಅವರಿಗೆ ಬರೀ 25, ನಮಗಿಂತ ನಾಲ್ಕೈದು ವರ್ಷ ದೊಡ್ಡವರು ಅಷ್ಟೇ.

ಮುಂದೆ ಗಟಿಂಗನ್‌ನಲ್ಲಿ ಪ್ರೊಫೆಸರ್ ಆಗಿದ್ದಾಗ ಒಂದು ದೀಪ ಮಾಡಿದರು. ಅದರಲ್ಲಿದ್ದದ್ದು ಜಿರ್ಕೋನಿಯಾಕ್ಕೆ ಯಟ್ರಿಯಾ ಬೆರೆಸಿದ ಪುಟ್ಟ ಕಡ್ಡಿ. ತಣ್ಣಗಿದ್ದರೆ ಅದರಲ್ಲಿ ಕರೆಂಟ್ ಹರಿಯಲ್ಲ; ಮೊದಲು ಕಾಯಿಸಬೇಕು, ಆಮೇಲೆ ತಾನೇ ಉರಿಯುತ್ತೆ. ಪೇಟೆಂಟನ್ನು ಎಇಜಿ ಕಂಪನಿ ದೊಡ್ಡ ಮೊತ್ತಕ್ಕೆ ಕೊಂಡಿತು. ನರ್ನ್‌ಸ್ಟ್‌ಗೆ ಕಾರಿನ ಹುಚ್ಚೂ ಇತ್ತು. ಟಂಗ್‌ಸ್ಟನ್ ಬಲ್ಬ್ ಬಂದ ಮೇಲೆ ದೀಪ ಮೂಲೆ ಸೇರಿತು.

1905ರಲ್ಲಿ ಬರ್ಲಿನ್‌ಗೆ ಹೋದರು. ಉಷ್ಣಗತಿಶಾಸ್ತ್ರದ ಮೂರನೇ ನಿಯಮಕ್ಕೆ ಬುನಾದಿ ಹಾಕಿ, ರಸಾಯನಶಾಸ್ತ್ರದ 1920ರ ನೊಬೆಲ್ ಪಡೆದರು. ಮೊದಲ ಮಹಾಯುದ್ಧ ಶುರುವಾದಾಗ ಐವತ್ತರ ವಯಸ್ಸಲ್ಲಿ ಸೈನ್ಯಕ್ಕೆ ಕಾರ್ ಓಡಿಸಿದರು. ರಾಸಾಯನಿಕ ಅಸ್ತ್ರಗಳ ಕೆಲಸಕ್ಕೂ ಕೈ ಹಾಕಿದರು. ಅದೇ ಯುದ್ಧ ಅವರ ಇಬ್ಬರು ಗಂಡುಮಕ್ಕಳನ್ನೂ ನುಂಗಿತು. ಹಿಟ್ಲರ್ ಬಂದ ಮೇಲೆ 1933ರಲ್ಲಿ ಹುದ್ದೆ ಬಿಟ್ಟು ಹಳ್ಳಿ ಸೇರಿದರು. 1941ರಲ್ಲಿ ತೀರಿಕೊಂಡರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 1976ರಲ್ಲಿ ಬಾಷ್ ಕಂಪನಿಯ ಲ್ಯಾಂಬ್ಡಾ ಸೆನ್ಸರ್ ವೋಲ್ವೋ ಕಾರಿಗೆ ಬಂತು. ಒಳಗಿದ್ದದ್ದು ಅದೇ ಜಿರ್ಕೋನಿಯಾ! ಒಂದು ಕಡೆ ಹೊರಗಿನ ಗಾಳಿ, ಇನ್ನೊಂದು ಕಡೆ ಸೈಲೆನ್ಸರ್ ಹೊಗೆ. ಎರಡರ ಆಕ್ಸಿಜನ್ ವ್ಯತ್ಯಾಸಕ್ಕೆ ಎಷ್ಟು ವೋಲ್ಟೇಜ್ ಅಂತ ಹೇಳೋದು ಅವರ ಸಮೀಕರಣ. ರಿಚ್ ಆದ್ರೆ ಸುಮಾರು 0.9 ವೋಲ್ಟ್, ಲೀನ್ ಆದ್ರೆ 0.1.

ಆದ್ರೆ ಈ ವೋಲ್ಟೇಜ್ 14.7ರ ಹತ್ತಿರ ಒಮ್ಮೆಗೇ ಜಿಗಿಯುತ್ತೆ. ರಿಚ್ಚೋ ಲೀನೋ ಗೊತ್ತಾಗುತ್ತೆ, ಎಷ್ಟು ಅಂತ ಸರಿಯಾಗಿ ಗೊತ್ತಾಗಲ್ಲ. ಅದಕ್ಕೇ ಟ್ಯೂನಿಂಗ್‌ಗೆ ನ್ಯಾರೋಬ್ಯಾಂಡ್ ನಂಬಬಾರದು, ವೈಡ್‌ಬ್ಯಾಂಡೇ ಬೇಕು. ಅದರಲ್ಲಿ ನರ್ನ್‌ಸ್ಟ್ ಸೆಲ್ ಜೊತೆ ಆಕ್ಸಿಜನ್ ಪಂಪ್ ಮಾಡುವ ಇನ್ನೊಂದು ಸೆಲ್ ಇರುತ್ತೆ. ಪಂಪ್ ಮಾಡೋಕೆ ಬೇಕಾದ ಕರೆಂಟ್ ಅಳೆದು ಗೇಜ್ ಅಂಕಿ ತೋರಿಸುತ್ತೆ.

ಸೆನ್ಸರ್ ಬಿಸಿಯಾಗೋವರೆಗೂ ನಾವು ಗೇಜ್ ಮುಂದೆ ಕಾಯ್ತೀವಲ್ಲ, ನರ್ನ್‌ಸ್ಟ್ ದೀಪ ಹಚ್ಚುವವರೂ ಹೀಗೇ ಕಾಯುತ್ತಿದ್ದರು. ಸೋತ ದೀಪದ ಕಡ್ಡಿಯೇ ಇವತ್ತು ನಮ್ಮ ಪಿಸ್ಟನ್ ಕಾಯ್ತಿದೆ.