ಮಿಲಿಮೀಟರ್ ಅಲೆಗಳ ಜಗದೀಶಚಂದ್ರ ಬೋಸ್

ದ್ವಿತೀಯ ಪಿಯುಸಿ ಭೌತಶಾಸ್ತ್ರದಲ್ಲಿ ವಿದ್ಯುತ್ಕಾಂತೀಯ ಅಲೆಗಳ ಪಾಠ ಓದುವಾಗ ಜಗದೀಶಚಂದ್ರ ಬೋಸರ ಹೆಸರು ಬಂದು ಹೋಗುತ್ತದೆ. ಹರ್ಟ್ಸ್ ನಂತರ ಅವರು ಕಲ್ಕತ್ತೆಯಲ್ಲಿ 25ರಿಂದ 5 ಮಿಲಿಮೀಟರ್ ತರಂಗಾಂತರದ ಅಲೆಗಳನ್ನು ಉಂಟುಮಾಡಿದರು. ಪರೀಕ್ಷೆಗೆ ಅಷ್ಟು ಸಾಕು. ಆದರೆ ಅವರ ಬದುಕಿನ ಬಗ್ಗೆ ಇನ್ನಷ್ಟು ಓದಿದಾಗ ಇದನ್ನು ನಿಮಗೂ ಹೇಳಬೇಕೆನಿಸಿತು.

ಬೋಸರು ಹುಟ್ಟಿದ್ದು 1858ರ ನವೆಂಬರ್ 30ರಂದು, ಇಂದಿನ ಬಾಂಗ್ಲಾದೇಶದ ಮೈಮನ್‌ಸಿಂಗ್‌ನಲ್ಲಿ. ತಂದೆ ಸರ್ಕಾರಿ ಅಧಿಕಾರಿ. ಆದರೂ ಮಗನನ್ನು ಮೊದಲು ಬಂಗಾಳಿ ಶಾಲೆಗೇ ಸೇರಿಸಿದರು. ಅಲ್ಲಿ ಅವರ ಒಂದು ಪಕ್ಕದಲ್ಲಿ ತಂದೆಯ ಮುಸ್ಲಿಂ ಜವಾನನ ಮಗ, ಇನ್ನೊಂದು ಪಕ್ಕದಲ್ಲಿ ಮೀನುಗಾರನ ಮಗ ಕೂರುತ್ತಿದ್ದರು. ಈ ಗೆಳೆಯರು ಹೇಳುತ್ತಿದ್ದ ಹಕ್ಕಿ, ಪ್ರಾಣಿ, ಜಲಚರಗಳ ಕಥೆಗಳಿಂದಲೇ ತಮಗೆ ಪ್ರಕೃತಿಯ ಕುತೂಹಲ ಹುಟ್ಟಿತೆಂದು ಬೋಸರು ಮುಂದೆ ನೆನೆದರು.

ಕೇಂಬ್ರಿಡ್ಜ್‌ನಲ್ಲಿ ಓದಿ, 1885ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿಗೆ ಪ್ರಾಧ್ಯಾಪಕರಾಗಿ ಬಂದರು. ಭಾರತೀಯರೆಂಬ ಕಾರಣಕ್ಕೆ ಯುರೋಪಿಯನ್ನರಿಗಿಂತ ಕಡಿಮೆ ಸಂಬಳ ನಿಗದಿಯಾಯಿತು. ಬೋಸರು ಪಾಠ ನಿಲ್ಲಿಸಲಿಲ್ಲ, ಸಂಬಳವನ್ನೂ ಮುಟ್ಟಲಿಲ್ಲ. ಹೀಗೆ ಮೂರು ವರ್ಷ! ಮನೆಯಲ್ಲಿ ತಂದೆಯ ಸಾಲದ ಹೊರೆ ಇದ್ದಾಗಲೂ ಅವರು ಬಗ್ಗಲಿಲ್ಲ. ಕೊನೆಗೆ ಸರ್ಕಾರ ಹಿಂದಿನ ಬಾಕಿ ಸಹಿತ ಪೂರ್ತಿ ಸಂಬಳ ಕೊಟ್ಟಿತು.

ಸರಿಯಾದ ಪ್ರಯೋಗಾಲಯವೂ ಇರಲಿಲ್ಲ. ಒಂದು ಪುಟ್ಟ ಕೋಣೆಯಲ್ಲಿ, ಊರಿನ ತಗಡು ಕೆಲಸಗಾರನ ನೆರವಿನಿಂದ ಉಪಕರಣ ಮಾಡಿಕೊಂಡರು. ತಿರುಚಿದ ಸೆಣಬಿನ ನಾರು, ಪುಸ್ತಕದ ಹಾಳೆಗಳೂ ಅವರ ಪ್ರಯೋಗಕ್ಕೆ ಒದಗಿದವು. 1895ರಲ್ಲಿ ಜನರೆದುರು, ಗೋಡೆಗಳಾಚೆಗೆ ಅಲೆ ಕಳಿಸಿ ಗಂಟೆ ಬಾರಿಸಿದರು, ಸಿಡಿಮದ್ದು ಹೊತ್ತಿಸಿದರು.

ಆ ಅಲೆಗಳನ್ನು ಬೋಸರು ಕಿಡಿ ಹಾರಿಸಿ ಉಂಟುಮಾಡಬೇಕಿತ್ತು. ಆದರೆ ನಮ್ಮ ದೇಹ, ನೆಲ, ಗೋಡೆ ಎಲ್ಲವೂ ತಮ್ಮ ಶಾಖದಿಂದಲೇ ಮಿಲಿಮೀಟರ್ ಅಲೆಗಳನ್ನು ಅತಿ ಕ್ಷೀಣವಾಗಿ ಸೂಸುತ್ತಿರುತ್ತವೆ. ಅವು ಮಂಜು, ಹೊಗೆ, ಬಟ್ಟೆಯನ್ನು ದಾಟಿ ಬರುತ್ತವೆ. ತಾನೇನೂ ಕಳಿಸದೆ ಇವುಗಳನ್ನಷ್ಟೇ ಹಿಡಿದು ಚಿತ್ರ ಮಾಡುವ ಕ್ಯಾಮೆರಾಗಳು ಇಂದು ಇವೆ. ತೊಂದರೆ ಒಂದೇ: ನಿಧಾನ. ಒಂದೇ ಗ್ರಾಹಕದಿಂದ 64 ಸಾಲು, 64 ಕಂಬಸಾಲುಗಳ ಚಿತ್ರ ಬೇಕಾದರೆ 4096 ಬಿಂದುಗಳನ್ನು ಒಂದೊಂದಾಗಿ ಅಳೆಯಬೇಕು.

ಇದಕ್ಕೆ 2006ರ ಸುಮಾರಿಗೆ ಕ್ಯಾಂಡೆಸ್, ಟಾವೊ, ಡೊನೊಹೊ ಮೊದಲಾದವರ ಗಣಿತ ದಾರಿ ತೋರಿಸಿತು. ಅದರ ಹೆಸರು ಕಂಪ್ರೆಸಿವ್ ಸೆನ್ಸಿಂಗ್. ಗ್ರಾಹಕದ ಮುಂದೆ ತೂತುಗಳಿರುವ ಮರೆಹಲಗೆ ಇಟ್ಟು, ಅನೇಕ ಬಿಂದುಗಳ ಮೊತ್ತವನ್ನು ಒಮ್ಮೆಗೇ ಅಳೆಯುತ್ತಾರೆ. ತೂತುಗಳ ವಿನ್ಯಾಸ ಬದಲಿಸಿ ಮತ್ತೆ ಅಳೆಯುತ್ತಾರೆ. ಚಿತ್ರದ ಬಹುಭಾಗ ಒಂದೇ ತೆರನಾಗಿರುವುದರಿಂದ, 4096ಕ್ಕಿಂತ ಬಹಳ ಕಡಿಮೆ ಅಳತೆಗಳಿಂದಲೇ ಕಂಪ್ಯೂಟರ್ ಇಡೀ ಚಿತ್ರವನ್ನು ಲೆಕ್ಕಹಾಕಿ ಕಟ್ಟುತ್ತದೆ. ಅಳತೆ ಕಡಿಮೆಯಾದಷ್ಟು ಸಮಯವೂ ಉಳಿಯುತ್ತದೆ.

ಬೋಸರು 1937ರ ನವೆಂಬರ್ 23ರಂದು ಗಿರಿಡಿಯಲ್ಲಿ ತೀರಿಕೊಂಡರು. ಈ ಕ್ಯಾಮೆರಾಗಳನ್ನು ಅವರು ಕಾಣಲಿಲ್ಲ. ಆದರೆ ಅವರು ಬಳಸಿದ ಕೊಂಬಿನಾಕಾರದ ಆಂಟೆನಾ ಇಂದಿಗೂ ಮಿಲಿಮೀಟರ್ ಅಲೆಗಳ ಉಪಕರಣಗಳಲ್ಲಿದೆ. ಸೌಲಭ್ಯ ಬರಲಿ, ಆಮೇಲೆ ಕಲಿಯೋಣ ಎಂದು ಕಾಯುವ ನಮಗೆ ಆ ಪುಟ್ಟ ಕೋಣೆಯೇ ಉತ್ತರ.