ಟಿಂಡಾಲ್‌ಗೆ ಕಾಟ ಕೊಟ್ಟ ಒಣಹುಲ್ಲು

ಪಿಯುಸಿ ಕೆಮಿಸ್ಟ್ರಿಯಲ್ಲಿ ನಾವೆಲ್ಲ ಟಿಂಡಾಲ್ ಎಫೆಕ್ಟ್ ಓದಿದ್ದೇವೆ, ಪರೀಕ್ಷೆಯಲ್ಲಿ ಬರೆದು ಮರೆತೂ ಬಿಟ್ಟಿದ್ದೇವೆ. ಅದೇ ಟಿಂಡಾಲ್, ಬ್ಯಾಕ್ಟೀರಿಯಾ ಎಲ್ಲಿ ಬದುಕುತ್ತೆ, ಎಲ್ಲಿ ಸಾಯುತ್ತೆ ಅನ್ನೋ ಪ್ರಶ್ನೆಗೂ ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದರು.

ಜಾನ್ ಟಿಂಡಾಲ್ ಹುಟ್ಟಿದ್ದು 1820ರಲ್ಲಿ, ಐರ್ಲೆಂಡಿನ ಒಂದು ಸಣ್ಣ ಊರಿನಲ್ಲಿ. ಮೊದಲು ಸರ್ಕಾರಿ ಭೂಮಾಪನದ ಕೆಲಸ, ಆಮೇಲೆ ರೈಲ್ವೆ ಸರ್ವೆ. ಅಂದರೆ ನಮ್ಮ ಸಿವಿಲ್ ಬ್ರಾಂಚಿನವರ ಪೈಕಿ! 28ನೇ ವಯಸ್ಸಿನಲ್ಲಿ ಜರ್ಮನಿಯ ಮಾರ್ಬರ್ಗ್‌ಗೆ ಓದಲು ಹೋದರು. ಬನ್ಸೆನ್ ಬರ್ನರ್‌ನ ಬನ್ಸೆನ್ ಅಲ್ಲಿ ಅವರ ಮೇಷ್ಟ್ರು. 1853ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಪ್ರೊಫೆಸರ್ ಆದರು.

1870ರ ದಶಕದಲ್ಲಿ ಒಂದು ದೊಡ್ಡ ಜಗಳ ನಡೀತಿತ್ತು. ಕುದಿಸಿದ ಸಾರಿನಲ್ಲೂ ಜೀವ ತಾನಾಗಿಯೇ ಹುಟ್ಟುತ್ತೆ ಅಂತ ಬಾಸ್ಟಿಯನ್ ಎಂಬ ವೈದ್ಯರ ವಾದ. ಇಲ್ಲ, ಗಾಳಿಯ ಧೂಳಿನಲ್ಲಿರುವ ಸೂಕ್ಷ್ಮಜೀವಿಗಳೇ ಕಾರಣ ಅಂತ ಟಿಂಡಾಲ್ ವಾದ. ಇದು ಬರೀ ಹಠದ ಮಾತಾಗಿರಲಿಲ್ಲ. ಬಾಸ್ಟಿಯನ್ ಹೇಳಿದ್ದೇ ನಿಜವಾಗಿದ್ದರೆ, ಆಪರೇಷನ್ ಮಾಡುವಾಗ ಗಾಯಕ್ಕೆ ಹೊರಗಿನ ಸೂಕ್ಷ್ಮಜೀವಿ ಸೇರದಂತೆ ಲಿಸ್ಟರ್ ತೋರಿಸಿದ್ದ ಎಚ್ಚರಿಕೆಯ ಬುಡವೇ ಅಲ್ಲಾಡುತ್ತಿತ್ತು.

ಟಿಂಡಾಲ್ ಒಂದು ಮರದ ಪೆಟ್ಟಿಗೆ ಮಾಡಿ, ಧೂಳು ಅಂಟಿಕೊಳ್ಳಲಿ ಅಂತ ಒಳಗೆ ಗ್ಲಿಸರಿನ್ ಬಳಿದರು. ಗಾಜಿನ ಕಿಟಕಿಯಿಂದ ಬೆಳಕಿನ ಕಿರಣ ಬಿಟ್ಟು ನೋಡಿದರು. ಧೂಳಿದ್ದರೆ ಕಿರಣದ ದಾರಿ ಹೊಳೆಯುತ್ತೆ, ಇಲ್ಲದಿದ್ದರೆ ಕಾಣೋದೇ ಇಲ್ಲ. ಅದೇ ನಮ್ಮ ಟಿಂಡಾಲ್ ಎಫೆಕ್ಟ್! ಆ ಶುದ್ಧ ಗಾಳಿಯಲ್ಲಿ ಐದು ನಿಮಿಷ ಕುದಿಸಿಟ್ಟ ಸಾರು ತಿಂಗಳುಗಟ್ಟಲೆ ತಿಳಿಯಾಗಿಯೇ ಇತ್ತು. ಹೊರಗಿಟ್ಟದ್ದು ಕೆಲವೇ ದಿನಗಳಲ್ಲಿ ಕೆಟ್ಟಿತು.

ಗೆದ್ದೆವು ಅನ್ನುವಷ್ಟರಲ್ಲಿ 1876ರಲ್ಲಿ ಎಲ್ಲ ತಲೆಕೆಳಗಾಯಿತು. ಅದೇ ಪೆಟ್ಟಿಗೆ, ಅದೇ ವಿಧಾನ, ಆದರೂ ಸಾರು ಕೆಡಲು ಶುರುವಾಯಿತು. ಎದುರಾಳಿಗೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಿರಲಿಲ್ಲ. ಟಿಂಡಾಲ್ ಅದನ್ನು ಮುಚ್ಚಿಡಲಿಲ್ಲ, ಕಾರಣ ಹುಡುಕಿದರು. ಲ್ಯಾಬಿಗೆ ತಂದಿದ್ದ ಹಳೆಯ ಒಣಹುಲ್ಲಿನ ಮೇಲೆ ಅನುಮಾನ ಬಂತು. ಊರಾಚೆಯ ಕ್ಯೂ ಗಾರ್ಡನ್ಸ್‌ನ ಲ್ಯಾಬಿನಲ್ಲಿ ಮತ್ತೆ ಪ್ರಯೋಗ ಮಾಡಿದರೆ, ಸಾರು ಕೆಡಲೇ ಇಲ್ಲ!

ಹುಲ್ಲಿನಲ್ಲಿದ್ದ ಬ್ಯಾಸಿಲಸ್‌ಗೆ ಎರಡು ಅವಸ್ಥೆ. ಬೆಳೆಯುವಾಗ ಕುದಿಯುವ ನೀರಿನಲ್ಲಿ ಬೇಗ ಸಾಯುತ್ತೆ. ಗಟ್ಟಿ ಕವಚದ ಬೀಜಕವಾಗಿ ಮಲಗಿದ್ದಾಗ 100 ಡಿಗ್ರಿಗೂ ಜಗ್ಗಲ್ಲ. ಅದೇ ಹೊತ್ತಿಗೆ ಜರ್ಮನಿಯಲ್ಲಿ ಫರ್ಡಿನಾಂಡ್ ಕೋನ್ ಕೂಡ ಈ ಬೀಜಕಗಳನ್ನು ಗುರುತಿಸಿದ್ದರು.

1877ರಲ್ಲಿ ಟಿಂಡಾಲ್ ಉಪಾಯ ಹೂಡಿದರು. ಸ್ವಲ್ಪ ಹೊತ್ತು ಕುದಿಸೋದು, ಆಮೇಲೆ ಗಂಟೆಗಟ್ಟಲೆ ಬಿಡೋದು. ಅಪಾಯ ಹೋಯಿತು ಅಂತ ಬೀಜಕ ಎದ್ದು ಮೊಳೆಯುತ್ತೆ, ಆಗ ಮತ್ತೆ ಕುದಿಸೋದು. ಹೀಗೆ ಕೆಲವು ಸಲ ಮಾಡಿದರೆ ಒಂದೂ ಉಳಿಯಲ್ಲ. ಇದಕ್ಕೇ ಟಿಂಡಲೈಸೇಷನ್ ಅಂತ ಹೆಸರು.

ಆ ವರ್ಷವೇ ಸಾರಿನ ಫ್ಲಾಸ್ಕುಗಳನ್ನು ಆಲ್ಪ್ಸ್ ಬೆಟ್ಟಕ್ಕೂ ಹೊತ್ತರು. ಹುಲ್ಲಿನ ಅಟ್ಟದಲ್ಲಿ ತೆರೆದವು ಬಹುತೇಕ ಕೆಟ್ಟವು. ಬಂಡೆಯಂಚಿನ ಶುದ್ಧ ಗಾಳಿಯಲ್ಲಿ ತೆರೆದವು ತಿಳಿಯಾಗಿಯೇ ಉಳಿದವು.

1893ರಲ್ಲಿ ಹೆಂಡತಿ ಲೂಯಿಸಾ ಒಂದು ಔಷಧಿ ಅಂತ ತಿಳಿದು ಇನ್ನೊಂದನ್ನು ಕೊಟ್ಟುಬಿಟ್ಟರು. ಟಿಂಡಾಲ್ ಅದರಿಂದಲೇ ತೀರಿಕೊಂಡರು.

ಇವತ್ತು ಬೀಜಕ ಕೊಲ್ಲಲು ಆಟೋಕ್ಲೇವ್ ಇದೆ. ಒತ್ತಡದಲ್ಲಿ 121 ಡಿಗ್ರಿ, ಸಾಮಾನ್ಯವಾಗಿ 15 ನಿಮಿಷ. ನಮ್ಮ ಮನೆ ಕುಕ್ಕರ್‌ನ ಅಣ್ಣ ಅನ್ನಿ. ಅಷ್ಟು ಬಿಸಿ ತಡೆಯದ ಕೆಲವು ವಸ್ತುಗಳಿಗೆ ಈಗಲೂ ಅಪರೂಪಕ್ಕೆ ಟಿಂಡಾಲ್ ದಾರಿ ಹಿಡಿಯೋದುಂಟು: ಕುದಿಸು, ಕಾಯು, ಮತ್ತೆ ಕುದಿಸು.