ಎಣಿಸುತ್ತಾ ಹೋದ ಡಾಕ್ಟರ್ ರೊನಾಲ್ಡ್ ರಾಸ್

ಹಾಸ್ಟೆಲ್ ಕಿಟಕಿ ತೆಗೆದಿಟ್ಟರೆ ಸಾಕು, ಸೊಳ್ಳೆ ಒಳಗೆ ಬರುತ್ತೆ. ನಾವು ಕಾಯಿಲ್ ಹಚ್ಚಿ, ಬೈಕೊಂಡು ಮಲಗ್ತೀವಿ. 1883ರಲ್ಲಿ ಬೆಂಗಳೂರಿನಲ್ಲಿದ್ದ ಒಬ್ಬ ಮಿಲಿಟರಿ ಡಾಕ್ಟರ್‌ಗೂ ಇದೇ ಕಾಟ ಇತ್ತು. ಆದ್ರೆ ಅವರು ಕಿಟಕಿ ಪಕ್ಕದ ನೀರಿನ ತೊಟ್ಟಿಯಲ್ಲಿ ಸೊಳ್ಳೆ ಮರಿಗಳನ್ನು ಕಂಡು, ಆ ನೀರನ್ನೇ ಚೆಲ್ಲಿಸಿದರು. ಕಾಟ ಕಡಿಮೆಯಾಯಿತು. ಅವರೇ ರೊನಾಲ್ಡ್ ರಾಸ್.

ರಾಸ್ ಹುಟ್ಟಿದ್ದು 1857ರಲ್ಲಿ, ಅಲ್ಮೋರಾದಲ್ಲಿ. ಅಪ್ಪ ಸೈನ್ಯದ ಅಧಿಕಾರಿ. ಮಗನಿಗೆ ಕವಿತೆ, ಸಂಗೀತ ಇಷ್ಟ. ಆದರೆ ಅಪ್ಪನ ಹಟಕ್ಕೆ ಮೆಡಿಕಲ್ ಸೇರಬೇಕಾಯಿತು. ಇದು ನಮ್ಮಲ್ಲಿ ಎಷ್ಟೋ ಜನರ ಕಥೆ ಥರಾನೇ ಇದೆ ಅಲ್ವಾ? 1881ರಲ್ಲಿ ಅವರು ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದರು.

ಮಲೇರಿಯಾ ಹರಡೋದು ಹೇಗೆ ಅಂತ ಆಗ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಸಿಕಂದರಾಬಾದ್‌ನಲ್ಲಿ ರಾಸ್ ಒಂದೊಂದೇ ಸೊಳ್ಳೆಯನ್ನು ಕೊಯ್ದು ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತಾ ಕೂತರು. ಹುಸೇನ್ ಖಾನ್ ಎಂಬ ರೋಗಿ ಒಂದು ಸೊಳ್ಳೆಗೆ ಒಂದಾಣೆಯಂತೆ ಪಡೆದು ಕಚ್ಚಿಸಿಕೊಂಡರು. 1897ರ ಆಗಸ್ಟ್ 20ರಂದು ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿ ಕಾಣಿಸಿತು. ಮರುವರ್ಷ ಕಲ್ಕತ್ತಾದಲ್ಲಿ ಹಕ್ಕಿಗಳ ಮಲೇರಿಯಾ ಮೇಲೆ ಕೆಲಸ ಮಾಡಿ, ಅದು ಸೊಳ್ಳೆಯ ಜೊಲ್ಲು ಗ್ರಂಥಿಗೆ ಬಂದು ಸೇರುವುದನ್ನೂ ಕಂಡುಹಿಡಿದರು. 1902ರಲ್ಲಿ ನೊಬೆಲ್ ಬಂತು.

ನಾವೆಲ್ಲ ಓದಿರೋದು ಇಷ್ಟೇ. ನಮಗೆ ಹಿಡಿಸಿದ ಕಥೆ ಇದರ ನಂತರದ್ದು.

1910ರಲ್ಲಿ ರಾಸ್ ಲಿವರ್‌ಪೂಲ್‌ನಲ್ಲಿದ್ದರು. ಆಫ್ರಿಕಾದಲ್ಲಿ ನಿದ್ರಾರೋಗ ತಗುಲಿಸಿಕೊಂಡಿದ್ದ ಒಬ್ಬ ರೋಗಿ ಅಲ್ಲಿಗೆ ಬಂದಿದ್ದ. ಈ ರೋಗಕ್ಕೆ ಕಾರಣ ಟ್ರಿಪನೊಸೋಮ್ ಎಂಬ ಏಕಕೋಶ ಜೀವಿ. ರಾಸ್ ಮತ್ತು ಡೇವಿಡ್ ಥಾಮ್ಸನ್ ದಿನಾ ಅವನ ರಕ್ತದಲ್ಲಿದ್ದ ಟ್ರಿಪನೊಸೋಮ್‌ಗಳನ್ನು ಎಣಿಸಿ ಗ್ರಾಫ್ ಹಾಕಿದರು. ಬಂದಿದ್ದು ಅಲೆ! ಸಂಖ್ಯೆ ಏರುತ್ತೆ, ಧಡಕ್ಕನೆ ಇಳಿಯುತ್ತೆ, ಸುಮಾರು ವಾರ ಕಳೆದ ಮೇಲೆ ಮತ್ತೆ ಏರುತ್ತೆ. ಹುಷಾರಾದ ಅನ್ನೋವಷ್ಟರಲ್ಲಿ ರೋಗ ವಾಪಸ್.

ಯಾಕೆ ಹೀಗೆ? ಪೂರ್ತಿ ಉತ್ತರ ಸಿಗಲು ದಶಕಗಳೇ ಬೇಕಾದವು. ಟ್ರಿಪನೊಸೋಮ್ ಮೈಮೇಲೆ ಒಂದೇ ಬಗೆಯ ಪ್ರೋಟೀನಿನ ಕೋಟು ಇರುತ್ತೆ. ನಮ್ಮ ದೇಹ ಆ ಕೋಟನ್ನು ಗುರುತು ಹಿಡಿದು ದಾಳಿ ಮಾಡುತ್ತೆ, ಸಂಖ್ಯೆ ಇಳಿಯುತ್ತೆ. ಅಷ್ಟರಲ್ಲಿ ಕೆಲವು ಜೀವಿಗಳು ಕೋಟು ಬದಲಿಸಿರುತ್ತವೆ. ಅವು ಬೆಳೆದಾಗ ಮುಂದಿನ ಅಲೆ. ಅದರ ಬಳಿ ಕೋಟಿನ ಜೀನ್‌ಗಳು ಸಾವಿರಕ್ಕೂ ಹೆಚ್ಚು. ಆದರೆ ಒಂದು ಸಲಕ್ಕೆ ಒಂದು ಮಾತ್ರ ಆನ್. ಆ ಆನ್ ಆಗುವ ಜಾಗ ಇರೋದು ಕ್ರೋಮೋಸೋಮ್‌ನ ತುದಿಯಲ್ಲಿ, ಟೆಲೋಮಿಯರ್ ಪಕ್ಕದಲ್ಲೇ. ಟೆಲೋಮಿಯರ್ ಅಂದ್ರೆ ಕ್ರೋಮೋಸೋಮ್ ತುದಿ ಸವೆಯದಂತೆ ಕಾಯುವ ಭಾಗ. ಟೆಲೋಮಿಯರ್‌ಗೆ ಅಂಟಿಕೊಂಡಿರುವ ರ‍್ಯಾಪ್1 ಎಂಬ ಪ್ರೋಟೀನನ್ನು ಕಡಿಮೆ ಮಾಡಿದರೆ, ಸುಮ್ಮನಿದ್ದ ಕೋಟುಗಳೂ ಆನ್ ಆಗ್ತವೆ ಅಂತ 2009ರಲ್ಲಿ ಗೊತ್ತಾಯಿತು. ಅಂದ್ರೆ ಆ ಬೀಗ ಮುರಿದರೆ ಜೀವಿಯ ವೇಷವೇ ಕೆಡುತ್ತೆ.

ಇನ್ನೊಂದು ವಿಷಯ. ರಾಸ್ ಮೊದಲು ಬೆನ್ನುಹತ್ತಿದ್ದ ಮಲೇರಿಯಾದಲ್ಲೂ ಇಂಥದೇ ಆಟ. ಪ್ಲಾಸ್ಮೋಡಿಯಂ ಫಾಲ್ಸಿಪಾರಂನಲ್ಲಿ ವೇಷ ಬದಲಿಸುವ ಜೀನ್‌ಗಳು ಸುಮಾರು 60 ಇವೆ. ಅವುಗಳಲ್ಲಿ ಹೆಚ್ಚಿನವು ಇರೋದೂ ಕ್ರೋಮೋಸೋಮ್ ತುದಿಗಳ ಹತ್ತಿರವೇ.

ರಾಸ್ 1932ರಲ್ಲಿ ತೀರಿಕೊಂಡರು. ಟೆಲೋಮಿಯರ್ ಎಂಬ ಪದ ಹುಟ್ಟಿದ್ದೇ 1938ರಲ್ಲಿ. ಅವರು ಆ ಹೆಸರನ್ನೂ ಕೇಳಿರಲಿಲ್ಲ.

ಲ್ಯಾಬ್‌ನಲ್ಲಿ ಒಂದು ರೀಡಿಂಗ್ ಗ್ರಾಫ್‌ಗೆ ಹೊಂದದಿದ್ದರೆ ನಾವೇನ್ ಮಾಡ್ತೀವಿ ಅಂತ ನಮಗೆಲ್ಲ ಗೊತ್ತು. ಅಳಿಸಿ, ಕರ್ವ್ ನೀಟಾಗಿ ಬರೋ ಹಾಗೆ ಬರೀತೀವಿ. ಲಿವರ್‌ಪೂಲ್‌ನ ಆ ಇಬ್ಬರೂ ಹಾಗೆ ಮಾಡಿದ್ದರೆ ಅಲೆಯೇ ಇರುತ್ತಿರಲಿಲ್ಲ. ಈ ವಾರದ ರೆಕಾರ್ಡ್‌ನಲ್ಲಿ ನಮ್ಮ ಬ್ಯಾಚ್ ಆ ಒಂದು ರೀಡಿಂಗ್ ಹಾಗೇ ಬಿಟ್ಟಿದೆ. ಮಾರ್ಕ್ಸ್ ಹೋದ್ರೆ ಹೋಗ್ಲಿ.